ಹೊರಗುಳಿದವನಿಗೆ ಏನು ಹೇಳೋಣ?

ರಗ್ಬಿ ಅಂದ ತಕ್ಷಣ ಕನ್ನಡದ ಓದುಗರಲ್ಲಿ ಅರ್ಧ ಜನ ಮುಂದಿನ ಬರಹಕ್ಕೆ ಹಾರಿಬಿಡ್ತಾರೆ ಅಂತ ನನಗೆ ಗೊತ್ತು. ಸ್ವಲ್ಪ ತಡೀರಿ. ಆಟದ ನಿಯಮ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ನಾನು ಮಾತಾಡಬೇಕು ಅಂತಿರೋದು ಆಟ ಶುರುವಾಗೋ ಕೆಲವು ದಿನ ಮುಂಚೆ ನಡೆಯೋ ಒಂದು ಕೆಲಸದ ಬಗ್ಗೆ. ಅಂತಾರಾಷ್ಟ್ರೀಯ ಪಂದ್ಯಕ್ಕೆ ಮೊದಲು ಒಂದು ಪಟ್ಟಿ ಹೊರಬೀಳುತ್ತೆ. ಅದರಲ್ಲಿ 23 ಹೆಸರು. ಹದಿನೈದು ಜನ ಮೈದಾನಕ್ಕೆ, ಎಂಟು ಜನ ಬೆಂಚಿಗೆ. ಆ ಪಟ್ಟಿ ಬಂದ ಗಳಿಗೆಯಿಂದ ರೆಫರಿ ಸೀಟಿ ಊದೋ ತನಕ ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್, ವೇಲ್ಸ್‌ನಂಥ ದೇಶಗಳಲ್ಲಿ ಮನೆಮನೆಯಲ್ಲೂ ಜಗಳ. ಇವನ್ಯಾಕೆ ಇದ್ದಾನೆ, ಅವನ್ಯಾಕೆ ಇಲ್ಲ?

ನಮಗೆ ಇದೇನು ಹೊಸದಲ್ಲ ಬಿಡಿ. 1996ರಲ್ಲಿ ಶ್ರೀನಾಥ್, ಕುಂಬ್ಳೆ, ವೆಂಕಟೇಶ್ ಪ್ರಸಾದ್, ದ್ರಾವಿಡ್, ಸುನಿಲ್ ಜೋಶಿ, ಡೇವಿಡ್ ಜಾನ್ಸನ್ ಎಲ್ಲರೂ ಭಾರತದ ಪರ ಕ್ರಿಕೆಟ್ ಆಡಿದರು. ಆಗ ನಾವು ಬೀಗಿದ್ದೇ ಬೀಗಿದ್ದು. ಬೇರೆ ರಾಜ್ಯದವರು ಏನು ಮಾತಾಡ್ಕೊಂಡ್ರೋ ನಮ್ಮ ಕಿವಿಗೆ ಬೀಳಲಿಲ್ಲ. 2016ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ಕರುಣ್ ನಾಯರ್ ಔಟಾಗದೆ 303 ಹೊಡೆದ. ಮುಂದಿನ ಟೆಸ್ಟಿಗೆ ಅಜಿಂಕ್ಯ ರಹಾನೆ ವಾಪಸ್ ಬಂದಾಗ ಕರುಣ್ ಹೊರಗೆ. ಆಗ ನಮಗೂ ಹೊಟ್ಟೆ ಉರಿಯಿತು. ಅಂದರೆ ಪಟ್ಟಿಯ ಮುಂದೆ ಎಲ್ಲರೂ ಒಂದೇ ಥರ. ನಮ್ಮವನು ಒಳಗಿದ್ದರೆ ಅದು ಪ್ರತಿಭೆ, ಹೊರಗಿದ್ದರೆ ಅದು ರಾಜಕೀಯ.

ಈ ಜಗಳದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಯಾರನ್ನು ಹಾಕಿದರೆ ಗೆಲ್ತೀವಿ ಅನ್ನೋದು ಒಂದು. ಯಾರಿಗೆ ಅನ್ಯಾಯ ಆಯಿತು ಅನ್ನೋದು ಇನ್ನೊಂದು. ಜನ ಮೊದಲನೆಯದರ ಭಾಷೆಯಲ್ಲಿ ಎರಡನೆಯದನ್ನು ಮಾತಾಡ್ತಾರೆ. ಅಂಕಿಅಂಶ ಹಿಡಿದು ಶುರುವಾದ ವಾದ ಹತ್ತು ನಿಮಿಷದಲ್ಲಿ ಯಾರ ಅಪ್ಪ, ಯಾವ ಶಾಲೆ, ಯಾವ ಬಣ್ಣ ಅನ್ನೋ ಕಡೆಗೆ ತಿರುಗೋದು ಇದಕ್ಕೇ.

ಮೊದಲನೆಯ ಪ್ರಶ್ನೆಯನ್ನೇ ನೋಡೋಣ. ಉತ್ತಮ ಆಟಗಾರ ಅಂದರೆ ಯಾರು? ಓಟದ ಪಂದ್ಯದಲ್ಲಿ ಈ ಕಷ್ಟ ಇಲ್ಲ, ಗಡಿಯಾರ ಹೇಳಿಬಿಡುತ್ತೆ. ರಗ್ಬಿಯಲ್ಲಿ ಹಾಗಿಲ್ಲ. ಸ್ಕ್ರಮ್‌ನ ಮುಂದಿನ ಸಾಲಲ್ಲಿ ನಿಂತು ನೂರಾ ಹತ್ತು, ನೂರಾ ಇಪ್ಪತ್ತು ಕಿಲೋ ತೂಗುವ ಮೂವರು ಎದುರಿನ ಮೂವರ ಜೊತೆ ತಲೆಗೆ ತಲೆ ಸಿಕ್ಕಿಸಿ ತಳ್ಳಬೇಕು. ವಿಂಗ್‌ನಲ್ಲಿ ನಿಂತವನು ಚಿರತೆ ಥರ ಓಡಬೇಕು. ನಡುವೆ ಹತ್ತನೇ ನಂಬರಿನವನು ಒಂದೇ ಕ್ಷಣದಲ್ಲಿ ಒದೆಯೋದಾ, ಎಸೆಯೋದಾ, ಓಡೋದಾ ಅಂತ ತೀರ್ಮಾನ ಮಾಡಬೇಕು. ಇವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗೋಕಾಗಲ್ಲ. ಒಂದೇ ಜಾಗಕ್ಕೆ ಇಬ್ಬರಿದ್ದಾಗಲೂ ಉತ್ತರ ಸುಲಭ ಅಲ್ಲ. ಪಕ್ಕದವನ ಜೊತೆ ಹೊಂದಾಣಿಕೆ ಇದೆಯಾ? ಎದುರಾಳಿ ಚೆಂಡನ್ನು ಮೇಲಕ್ಕೆ ಒದೆಯೋ ತಂಡವಾ, ಕೈಯಲ್ಲಿ ಹಿಡಿದು ಓಡೋ ತಂಡವಾ? ಮಳೆ ಬರುತ್ತಾ? ಅತ್ಯುತ್ತಮ ಹದಿನೈದು ಜನ ಬೇರೆ, ಅತ್ಯುತ್ತಮ ತಂಡ ಬೇರೆ.

ದಕ್ಷಿಣ ಆಫ್ರಿಕಾದ ಚೆಸ್ಲಿನ್ ಕೋಲ್ಬಿಯನ್ನೇ ತಗೊಳ್ಳಿ. ಎತ್ತರ ಸುಮಾರು 1.71 ಮೀಟರ್. ನಮ್ಮ ಬಸ್ಸಲ್ಲಿ ಪಕ್ಕದಲ್ಲಿ ನಿಂತರೆ ಯಾರೂ ತಿರುಗಿ ನೋಡದಷ್ಟು ಸಾಧಾರಣ ಆಳು. ಇವನ ದೇಹ ಅಂತಾರಾಷ್ಟ್ರೀಯ ರಗ್ಬಿಗೆ ಸಾಲದು ಅನ್ನೋದು ಅಲ್ಲಿನ ಎಷ್ಟೋ ಪಂಡಿತರ ಅಭಿಪ್ರಾಯ ಆಗಿತ್ತು. 2017ರಲ್ಲಿ ಅವನು ಫ್ರಾನ್ಸಿನ ತುಲೂಸ್ ಕ್ಲಬ್ಬಿಗೆ ಹೋದ, ಅಲ್ಲಿ ದೊಡ್ಡ ದೊಡ್ಡ ಆಳುಗಳ ನಡುವೆ ನುಸುಳಿ ನುಸುಳಿ ಹೆಸರು ಮಾಡಿದ. 2018ರಲ್ಲಿ ರಾಷ್ಟ್ರೀಯ ತಂಡಕ್ಕೆ ಬಂದ. ಅವನ ಎತ್ತರ ನಡುವೆ ಒಂದಿಂಚೂ ಹೆಚ್ಚಾಗಿರಲಿಲ್ಲ. ನೋಡುವವರ ಕಣ್ಣು ಬದಲಾಗಿತ್ತು. ಪ್ರತಿಭೆ ಅನ್ನೋದು ಆಟಗಾರನ ಒಳಗೆ ಇರುತ್ತೆ ನಿಜ, ಆದರೆ ಅದನ್ನು ಗುರುತಿಸೋ ಕಣ್ಣಿಗೆ ಒಂದು ಅಭ್ಯಾಸ ಇರುತ್ತೆ. ಇಲ್ಲಿಯವರೆಗೆ ಎಂಥವರನ್ನು ನೋಡಿದೆಯೋ ಅಂಥವರನ್ನೇ ಅದು ಹುಡುಕುತ್ತೆ.

ಹಾಗಾದರೆ ಆಯ್ಕೆ ಸರಿಯೋ ತಪ್ಪೋ ಅಂತ ಹೇಳೋದು ಹೇಗೆ? ಬಹಳ ಜನ ಹೇಳೋ ಉತ್ತರ ಒಂದೇ: ಗೆದ್ದರೆ ಸರಿ, ಸೋತರೆ ತಪ್ಪು. ಎರಡು ಪಂದ್ಯ ಇಟ್ಟು ಇದನ್ನು ಪರೀಕ್ಷೆ ಮಾಡೋಣ.

2013ರ ಜುಲೈ 6, ಸಿಡ್ನಿ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ನಾಲ್ಕೂ ಸೇರಿ ಕಟ್ಟುವ 'ಲಯನ್ಸ್' ತಂಡಕ್ಕೂ ಆಸ್ಟ್ರೇಲಿಯಾಕ್ಕೂ ಮೂರನೇ ಟೆಸ್ಟ್. ರಗ್ಬಿಯಲ್ಲೂ ಅಂತಾರಾಷ್ಟ್ರೀಯ ಪಂದ್ಯಕ್ಕೆ ಟೆಸ್ಟ್ ಅಂತಲೇ ಕರೀತಾರೆ. ಸರಣಿ 1-1. ಐರ್ಲೆಂಡಿನ ಬ್ರಯನ್ ಒ'ಡ್ರಿಸ್ಕಲ್‌ಗೆ ಆಗ 34 ವರ್ಷ. ಲಯನ್ಸ್ ಜೊತೆ ಅದು ಅವನ ನಾಲ್ಕನೇ ಪ್ರವಾಸ. ಒಮ್ಮೆಯೂ ಸರಣಿ ಗೆದ್ದಿರಲಿಲ್ಲ, ಮತ್ತೆ ಅವಕಾಶವೂ ಇರಲಿಲ್ಲ. ಕೋಚ್ ವಾರೆನ್ ಗ್ಯಾಟ್ಲೆಂಡ್ ಅವನನ್ನು ಹದಿನೈದರಲ್ಲಿ ಅಷ್ಟೇ ಅಲ್ಲ, 23ರ ಪಟ್ಟಿಯಿಂದಲೇ ತೆಗೆದರು. ಹದಿನೈದರಲ್ಲಿ ಹತ್ತು ಜನ ವೇಲ್ಸಿನವರು. ಗ್ಯಾಟ್ಲೆಂಡ್ ಆಗ ವೇಲ್ಸ್ ರಾಷ್ಟ್ರೀಯ ತಂಡದ ಕೋಚ್ ಕೂಡ. ಐರ್ಲೆಂಡ್ ಹೊತ್ತಿ ಉರಿಯಿತು. ಪಂದ್ಯ 41-16, ಲಯನ್ಸ್ ಗೆದ್ದರು. ಗ್ಯಾಟ್ಲೆಂಡ್ ಜಾಣ ಆಗಿಬಿಟ್ಟರು.

2015ರ ಸೆಪ್ಟೆಂಬರ್ 26, ಲಂಡನ್ನಿನ ಟ್ವಿಕನಮ್. ವಿಶ್ವಕಪ್ಪಿನಲ್ಲಿ ಆತಿಥೇಯ ಇಂಗ್ಲೆಂಡ್ ಎದುರು ವೇಲ್ಸ್. ರಗ್ಬಿ ಲೀಗ್ ಅನ್ನೋ ಬೇರೆಯೇ ಪ್ರಕಾರದ ಆಟದಿಂದ ಒಂದು ವರ್ಷದ ಕೆಳಗಷ್ಟೇ ಬಂದಿದ್ದ ಸ್ಯಾಮ್ ಬರ್ಗೆಸ್‌ನನ್ನು ನಡುವಿನ ಜಾಗಕ್ಕೆ ಹಾಕಿದರು. ಇಂಗ್ಲೆಂಡ್ 25-28ರಲ್ಲಿ ಸೋತಿತು, ಮುಂದೆ ಗುಂಪಿನ ಹಂತದಲ್ಲೇ ಮನೆಗೆ ಹೋಯಿತು. ಬರ್ಗೆಸ್ ಮೈದಾನದಿಂದ ಹೊರಬಂದಾಗ ಇಂಗ್ಲೆಂಡೇ ಮುಂದಿತ್ತು ಅನ್ನೋದು ಯಾರಿಗೂ ಬೇಕಾಗಲಿಲ್ಲ. ಅವನು ಹಳೆಯ ಆಟಕ್ಕೇ ವಾಪಸ್ ಹೋಗಿಬಿಟ್ಟ.

ಎಂಬತ್ತು ನಿಮಿಷದ ಆಟದಲ್ಲಿ ಸಾವಿರ ಸಂಗತಿ ನಡೆಯುತ್ತವೆ. ಒಬ್ಬ ಜಾರಿ ಬೀಳ್ತಾನೆ, ಗಾಳಿ ತಿರುಗುತ್ತೆ, ರೆಫರಿ ಒಂದು ಕಡೆ ನೋಡ್ತಿರ್ತಾನೆ. ಬುಧವಾರದ ತೀರ್ಮಾನವನ್ನು ಶನಿವಾರದ ಸ್ಕೋರಿನಿಂದ ಅಳೆಯೋದು, ಹೆಲ್ಮೆಟ್ ಹಾಕದೆ ಬೈಕ್ ಓಡಿಸಿ ಮನೆ ಸೇರಿದವನು 'ನೋಡಿದ್ರಾ, ಏನೂ ಆಗಲಿಲ್ಲ' ಅಂದ ಹಾಗೆ. ತೀರ್ಮಾನ ಮಾಡುವಾಗ ಏನು ಗೊತ್ತಿತ್ತು, ಯಾವ ಕಾರಣಕ್ಕೆ ಮಾಡಿದರು ಅನ್ನೋದನ್ನೇ ನೋಡಬೇಕು. ಗ್ಯಾಟ್ಲೆಂಡ್ ಬಗ್ಗೆ ನನಗೆ ಗೌರವ ಇರೋದು 41-16ರಿಂದ ಅಲ್ಲ. ಭಾವನೆಗಿಂತ ತಲೆಯ ಮಾತು ಕೇಳಿದೆ, ಈ ಪಂದ್ಯಕ್ಕೆ ಈ ಜೋಡಿ ಬೇಕು ಅನ್ನಿಸಿತು ಅಂತ ಪಂದ್ಯಕ್ಕೆ ಮುಂಚೆಯೇ ಎಲ್ಲರೆದುರು ಹೇಳಿದರು. ಸೋತಿದ್ದರೂ ಆ ಕಾರಣ ಕಾರಣವಾಗಿಯೇ ಉಳೀತಿತ್ತು. ಒ'ಡ್ರಿಸ್ಕಲ್ ಅದನ್ನು ಒಪ್ಪದೇ ಇರಬಹುದಿತ್ತು, ಆದರೆ ಅದರಲ್ಲಿ ಅವನಿಗೆ ಅವಮಾನ ಆಗೋಂಥದ್ದು ಏನಿರಲಿಲ್ಲ.

ಈಗ ಇನ್ನೊಂದು ಪಟ್ಟಿ ನೋಡಿ. 1924-25ರಲ್ಲಿ ನ್ಯೂಜಿಲೆಂಡಿನ ಆಲ್ ಬ್ಲ್ಯಾಕ್ಸ್ ತಂಡ ಬ್ರಿಟನ್, ಫ್ರಾನ್ಸ್ ಸುತ್ತಿ ಒಂದೂ ಪಂದ್ಯ ಸೋಲದೆ ಬಂತು. ಆ ತಂಡದ ಹಿಂಗಾವಲು ಜಾರ್ಜ್ ನೇಪಿಯಾ. ಹತ್ತೊಂಬತ್ತು ವರ್ಷದ ಮಾವೋರಿ ಹುಡುಗ. ಅಲ್ಲಿ ತಂಡ ಆಡಿದ ಪ್ರತಿ ಪಂದ್ಯದಲ್ಲೂ ಅವನಿದ್ದ. ನಾಲ್ಕು ವರ್ಷ ಆದ ಮೇಲೆ, 1928ರಲ್ಲಿ, ಅದೇ ದೇಶದ ತಂಡ ದಕ್ಷಿಣ ಆಫ್ರಿಕಾಕ್ಕೆ ಹೊರಟಾಗ ನೇಪಿಯಾ ಇಲ್ಲ. ಒಬ್ಬ ಮಾವೋರಿಯೂ ಇಲ್ಲ. 1949ರಲ್ಲೂ ಇಲ್ಲ. 1960ರಲ್ಲಿ 'ಮಾವೋರಿಗಳಿಲ್ಲದಿದ್ದರೆ ಪ್ರವಾಸವೂ ಬೇಡ' ಅಂತ ದೊಡ್ಡ ಚಳವಳಿಯೇ ನಡೆದು ಸುಮಾರು ಒಂದೂವರೆ ಲಕ್ಷ ಜನ ಮನವಿಗೆ ಸಹಿ ಹಾಕಿದರು. ತಂಡ ಮಾವೋರಿಗಳನ್ನು ಬಿಟ್ಟೇ ಹೋಯಿತು. 1970ರಲ್ಲಿ ಮಾವೋರಿ ಮತ್ತು ಸಮೋವಾ ಮೂಲದ ಆಟಗಾರರು ಹೋದರು, ಆದರೆ ದಕ್ಷಿಣ ಆಫ್ರಿಕಾದ ಲೆಕ್ಕದಲ್ಲಿ 'ಗೌರವ ಬಿಳಿಯರು' ಅನ್ನಿಸಿಕೊಂಡು. ಅವರ ಬಣ್ಣವನ್ನು ಕೆಲವು ವಾರ ಕಾಗದದ ಮೇಲೆ ಮನ್ನಾ ಮಾಡಿದ ಹಾಗೆ!

ಇದನ್ನು ದೂರದ ಕತೆ ಅಂದ್ಕೋಬೇಡಿ. ನಮ್ಮ ಧಾರವಾಡದಲ್ಲಿ 1876ರಲ್ಲಿ ಹುಟ್ಟಿದ ಪಾಲ್ವಣಕರ್ ಬಾಳೂ ಪುಣೆಯ ಕ್ರಿಕೆಟ್ ಕ್ಲಬ್ಬಿನಲ್ಲಿ ಪಿಚ್ ನೋಡಿಕೊಳ್ಳುವ ಕೆಲಸದಲ್ಲಿದ್ದವರು. ನೆಟ್ಸ್‌ನಲ್ಲಿ ಇಂಗ್ಲಿಷರಿಗೆ ಬೌಲ್ ಮಾಡಿ ಮಾಡಿ ಸ್ಪಿನ್ ಕಲಿತರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಹಿಂದೂಗಳ ತಂಡ ಅವರಿಂದ ಪಂದ್ಯ ಗೆಲ್ಲಿಸಿಕೊಂಡಿತು. ಆದರೆ ದಲಿತರಾದ ಅವರಿಗೆ ನಾಯಕತ್ವ ಮಾತ್ರ ಕೊಡಲಿಲ್ಲ. 1923ರಲ್ಲಿ ಅವರ ತಮ್ಮ ವಿಠ್ಠಲನಿಗೆ ಅದು ಸಿಕ್ಕಿತು. ಅಲ್ಲಿ ಚರ್ಮದ ಬಣ್ಣ, ಇಲ್ಲಿ ಜಾತಿ. ಪಟ್ಟಿ ಬರೆಯೋ ಕೈ ಒಂದೇ ಥರ ನಡುಗಿದೆ.

ದಕ್ಷಿಣ ಆಫ್ರಿಕಾದ ಒಳಗಂತೂ ಪಟ್ಟಿ ಶುರುವಿನಲ್ಲೇ ಮುಚ್ಚಿತ್ತು. ರಗ್ಬಿ ಬಿಳಿಯರ ಆಟ, ಕಪ್ಪು ಜನರಿಗೆ ಫುಟ್‌ಬಾಲೇ ಇಷ್ಟ ಅಂತ ಅಲ್ಲಿ ಬಹಳ ಕಾಲದಿಂದ ಹೇಳಿಕೊಂಡು ಬಂದ ಮಾತೊಂದಿದೆ. ಅದು ಸುಳ್ಳು. ಈಸ್ಟರ್ನ್ ಕೇಪ್ ಕಡೆಯ ಕಪ್ಪು ಸಮುದಾಯಗಳಲ್ಲಿ ಮಿಷನ್ ಶಾಲೆಗಳ ಕಾಲದಿಂದಲೂ ಈ ಆಟ ಇದೆ. ಬಿಳಿಯರಲ್ಲದವರ ರಗ್ಬಿ ಮಂಡಳಿ 1897ರಲ್ಲೇ ಹುಟ್ಟಿತ್ತು. ಆದರೂ ಸ್ಪ್ರಿಂಗ್‌ಬಾಕ್ ಜೆರ್ಸಿ ತೊಟ್ಟು ಟೆಸ್ಟ್ ಆಡಿದ ಮೊದಲ ಕಪ್ಪು ಆಟಗಾರ ಎರಲ್ ಟೋಬಿಯಾಸ್ ಬಂದದ್ದು 1981ರಲ್ಲಿ. ಮಂಡೇಲಾ ಹಸಿರು ಜೆರ್ಸಿ ಹಾಕಿಕೊಂಡು ಕಪ್ ಕೊಟ್ಟ 1995ರ ಫೈನಲ್ ಎಲ್ಲರಿಗೂ ಗೊತ್ತು. ಆ ಹದಿನೈದರಲ್ಲಿ ಬಿಳಿಯನಲ್ಲದವನು ಚೆಸ್ಟರ್ ವಿಲಿಯಮ್ಸ್ ಒಬ್ಬನೇ. 2007ರಲ್ಲಿ ಮತ್ತೆ ವಿಶ್ವಕಪ್ ಗೆದ್ದಾಗ ಇಬ್ಬರು. ವರ್ಣಭೇದದ ಕಾನೂನುಗಳು ಹೋಗಿ ಎಷ್ಟು ವರ್ಷ ಆಗಿತ್ತು ಲೆಕ್ಕ ಹಾಕಿ.

ಬಾಗಿಲು ತೆಗೆದ ಮೇಲೂ ಯಾಕೆ ಜನ ಬರಲಿಲ್ಲ? ನನಗೆ ಇದು ಅರ್ಥ ಆಗೋದು ನನ್ನ ಹೈಸ್ಕೂಲಿನ ಖೋ-ಖೋ ತಂಡದಿಂದ. ತಾಲೂಕು ಮಟ್ಟದ ಆಯ್ಕೆಗೆ ಅಭ್ಯಾಸ ನಡೀತಿದ್ದದ್ದು ಸಂಜೆ ಶಾಲೆ ಬಿಟ್ಟ ಮೇಲೆ. ಸುತ್ತಲಿನ ಹಳ್ಳಿಯ ಹುಡುಗರಿಗೆ ಇದ್ದದ್ದು ಐದು ಗಂಟೆಯ ಒಂದೇ ಬಸ್ಸು. ಅದು ತಪ್ಪಿದರೆ ನಡಿಗೆಯೇ ಗತಿ, ಮನೇಲಿ ದನ ಕಟ್ಟೋರು ಯಾರು? ಅವರು ಅಭ್ಯಾಸಕ್ಕೆ ನಿಲ್ತಿರಲಿಲ್ಲ. ಹೀಗಾಗಿ ತಂಡದಲ್ಲಿ ಪ್ರತಿ ವರ್ಷ ಊರೊಳಗಿನ ಹುಡುಗರೇ. ಪಿ.ಟಿ. ಮೇಷ್ಟ್ರು ಒಳ್ಳೆಯವರು, ಯಾರ ಜಾತಿ ಕೇಳಿದವರಲ್ಲ, ಕಣ್ಣೆದುರು ಚೆನ್ನಾಗಿ ಆಡಿದವರನ್ನೇ ಆರಿಸ್ತಿದ್ದರು. ಆಯ್ಕೆಯಲ್ಲಿ ಒಂದು ಚೂರೂ ಮೋಸ ಇರಲಿಲ್ಲ. ಮೋಸ ಆಗಿದ್ದದ್ದು ಬಸ್ಸಿನ ಟೈಮಿನಲ್ಲಿ.

ಅರಿಸ್ಟಾಟಲ್ ಒಂದು ಉದಾಹರಣೆ ಕೊಡ್ತಾನೆ. ಕೊಳಲುಗಳನ್ನು ಹಂಚಬೇಕಾದರೆ ಒಳ್ಳೆಯ ಕೊಳಲು ಯಾರಿಗೆ? ಶ್ರೀಮಂತನಿಗಲ್ಲ, ಚೆಲುವನಿಗಲ್ಲ, ಚೆನ್ನಾಗಿ ನುಡಿಸುವವನಿಗೆ. ಕೇಳೋಕೆ ಸರಿಯಾಗೇ ಇದೆ. ಆದರೆ ಚೆನ್ನಾಗಿ ನುಡಿಸೋದನ್ನು ಕಲಿಯೋಕೆ ಅದಕ್ಕೂ ಮೊದಲೇ ಒಂದು ಕೊಳಲು ಬೇಕಲ್ಲ? ಅದನ್ನು ಯಾರು ಯಾರಿಗೆ ಕೊಟ್ಟಿದ್ದರು?

ದಕ್ಷಿಣ ಆಫ್ರಿಕಾದಲ್ಲಿ ಆ ಮೊದಲ ಕೊಳಲು ಕೆಲವೇ ಹೆಸರಾಂತ ಶಾಲೆಗಳ ಹತ್ತಿರ ಇದೆ. ಹಸಿರು ಮೈದಾನ, ಪೂರ್ಣಾವಧಿ ಕೋಚ್, ಹೊಟ್ಟೆ ತುಂಬ ಊಟ. ಸಿಯಾ ಕೋಲಿಸಿ ಪೋರ್ಟ್ ಎಲಿಜಬೆತ್ ಪಕ್ಕದ ಜ್ವೀಡೆ ಎಂಬ ಟೌನ್‌ಶಿಪ್‌ನ ಬಡ ಮನೆಯ ಹುಡುಗ. ಹನ್ನೆರಡನೇ ವಯಸ್ಸಿನಲ್ಲಿ ಯಾರದೋ ಕಣ್ಣಿಗೆ ಬಿದ್ದು ಸ್ಕಾಲರ್‌ಶಿಪ್ ಮೇಲೆ ಅಂಥ ಒಂದು ಶಾಲೆ ಸೇರಿದ. ಮಕಜೋಲೆ ಮಪಿಂಪಿ ಅಂಥ ಶಾಲೆಯ ಮುಖ ನೋಡಿದವನಲ್ಲ, ಈಸ್ಟರ್ನ್ ಕೇಪಿನ ಹಳ್ಳಿಗಾಡಿನವನು. ಮೊದಲ ಟೆಸ್ಟ್ ಆಡುವಾಗ ಅವನಿಗೆ 27 ವರ್ಷ. ಇಬ್ಬರೂ ಬಂದರು, ಸಂತೋಷ. ಒಬ್ಬ ಮಪಿಂಪಿ ಬಂದಿದ್ದಾನೆ ಅಂದರೆ ಎಷ್ಟು ಜನ ದಾರಿಯಲ್ಲೇ ಉಳಿದುಹೋಗಿರಬೇಕು ಅನ್ನೋದು ನನ್ನ ಯೋಚನೆ.

ಇಲ್ಲಿಗೆ ಕೋಟಾ ಪ್ರಶ್ನೆ ಬಂತು. 2015ರಲ್ಲಿ ಅಲ್ಲಿನ ರಗ್ಬಿ ಮಂಡಳಿ ಒಂದು ಗುರಿ ಹಾಕಿಕೊಂಡಿತು: 2019ರ ಹೊತ್ತಿಗೆ ತಂಡದಲ್ಲಿ ಅರ್ಧದಷ್ಟು ಕಪ್ಪು ಆಟಗಾರರು ಇರಬೇಕು. 2016ರಲ್ಲಿ ಕ್ರೀಡಾ ಮಂತ್ರಿ ಫಿಕಿಲೆ ಂಬಲುಲಾ, ನೀವು ಬದಲಾವಣೆಯ ಗುರಿ ಮುಟ್ಟಿಲ್ಲ ಅಂತ ರಗ್ಬಿ, ಕ್ರಿಕೆಟ್ ಸೇರಿ ಕೆಲವು ಕ್ರೀಡಾ ಸಂಸ್ಥೆಗಳು ದೊಡ್ಡ ಅಂತಾರಾಷ್ಟ್ರೀಯ ಟೂರ್ನಿಗಳ ಆತಿಥ್ಯಕ್ಕೆ ಅರ್ಜಿ ಹಾಕದಂತೆ ತಡೆದರು. ಮೀಸಲಾತಿ ವಾದ ಕೇಳಿ ಬೆಳೆದ ನಮಗೆ ಎರಡೂ ಕಡೆಯ ಮಾತು ಬಾಯಿಪಾಠ. ಪ್ರತಿಭೆಗೆ ಬೆಲೆ ಇಲ್ವಾ ಅಂತ ಒಂದು ಕಡೆ. ಅವಕಾಶ ಕೊಡದೆ ಪ್ರತಿಭೆ ಎಲ್ಲಿಂದ ಬರುತ್ತೆ ಅಂತ ಇನ್ನೊಂದು ಕಡೆ.

ನಾನು ಕೆಲಸದ ಮೇಲೆ ಎರಡು ವರ್ಷದ ಮೇಲೆ ಕೇಪ್ ಟೌನಿನಲ್ಲಿದ್ದೆ. ಟೀಮ್ ಘೋಷಣೆ ಆದ ಒಂದು ದಿನ ಆಫೀಸಿನ ಊಟದ ಮೇಜಿನಲ್ಲಿ ಈ ವಾದ ನನ್ನೆದುರೇ ನಡೆಯಿತು. ಆಫ್ರಿಕಾನ್ಸ್ ಮಾತಾಡುವ ಹಿರಿಯ ಸಹೋದ್ಯೋಗಿಯೊಬ್ಬರ ಮಗ ಆ ವರ್ಷ ಪ್ರಾಂತ್ಯದ ಶಾಲಾ ತಂಡಕ್ಕೆ ಆಯ್ಕೆಯಾಗಿರಲಿಲ್ಲ. ಹದಿನೇಳು ವರ್ಷದ ಹುಡುಗ. ಚೆನ್ನಾಗಿ ಆಡಿದೆಯಪ್ಪಾ, ಸಂಖ್ಯೆ ಹೊಂದಿಸಬೇಕಿತ್ತು ಅಂತ ಕೋಚ್ ಬೆನ್ನು ತಟ್ಟಿ ಕಳಿಸಿದ್ದನಂತೆ. "ನಿನ್ನ ಓಟ ಸಾಲದು ಅಂದಿದ್ದರೆ ನನ್ನ ಮಗ ನಾಳೆ ಬೆಳಗ್ಗೆ ಐದಕ್ಕೆ ಎದ್ದು ಓಡ್ತಿದ್ದ. ಈಗ ಏನು ಅಭ್ಯಾಸ ಮಾಡು ಅಂತ ಹೇಳಲಿ?" ಅಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು.

ಮೇಜಿನ ಆ ಕಡೆ ಕೂತಿದ್ದವನು ಪೋರ್ಟ್ ಎಲಿಜಬೆತ್ ಕಡೆಯ ಖೋಸಾ ಹುಡುಗ, ನನ್ನ ಟೀಮಿನವನು. ಅವನ ತಂದೆ ಟೌನ್‌ಶಿಪ್ಪಿನ ಹುಲ್ಲಿಲ್ಲದ ಮೈದಾನದಲ್ಲಿ ಮಂಡಿ ಕಿತ್ತುಕೊಂಡು ವರ್ಷಗಟ್ಟಲೆ ಆಡಿದವರು. ಅವನು ತಟ್ಟೆ ನೋಡ್ತಾನೇ ಹೇಳಿದ: "ನಿಮ್ಮ ಮಗನಿಗೆ ಒಬ್ಬ ಕೋಚ್ ಬಂದು ಏನೋ ಒಂದು ಹೇಳಿದ. ನಮ್ಮಪ್ಪನಿಗೆ ಯಾರೂ ಬಂದು ಏನೂ ಹೇಳಲಿಲ್ಲ. ಕಾರಣ ಹೇಳಬೇಕಾದ ಮನುಷ್ಯ ಅಂತ ಅವರನ್ನು ಯಾರೂ ಲೆಕ್ಕಕ್ಕೇ ತಗೊಂಡಿರಲಿಲ್ಲ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿರಿಯರು, "ಅದು ತಪ್ಪು. ಆದರೆ ನನ್ನ ಮಗ ಮಾಡಿದ್ದಲ್ಲ," ಅಂದರು. ಹುಡುಗ, "ಅಲ್ಲ, ನಿಜ," ಅಂದ. ಊಟ ಮುಗಿಸಿ ಎಲ್ಲರೂ ಎದ್ದೆವು.

ಇಬ್ಬರ ಮಾತೂ ಅಂದಿನಿಂದ ನನ್ನ ತಲೆಯಲ್ಲಿ ಕೂತಿದೆ. ಇಬ್ಬರೂ ಗೆಲುವಿನ ಮಾತೇ ಆಡಲಿಲ್ಲ ನೋಡಿ. ಇಬ್ಬರೂ ಕೇಳಿದ್ದು ಒಂದು ಕಾರಣವನ್ನು. ಹಾಗಾಗಿ ಆಯ್ಕೆಯ ನ್ಯಾಯಕ್ಕೆ ನಾನು ಇಟ್ಟುಕೊಂಡಿರೋ ಅಳತೆಗೋಲು ಇದು: ಹೊರಗುಳಿದವನ ಮುಖ ನೋಡಿಕೊಂಡು ನಿಜವಾದ ಕಾರಣವನ್ನು ಹೇಳೋಕಾಗುತ್ತಾ? ಅವನು ಒಪ್ಪಬೇಕು ಅಂತಿಲ್ಲ. ಆದರೆ ನಿನಗೂ ನನ್ನಷ್ಟೇ ಬೆಲೆ ಇದೆ ಅಂತ ಇಟ್ಟುಕೊಂಡು ಆ ಮಾತು ಹೇಳೋಕೆ ಸಾಧ್ಯವಾ? ಅಮೆರಿಕದ ತತ್ವಜ್ಞಾನಿ ಟಿ.ಎಂ. ಸ್ಕ್ಯಾನ್ಲನ್ ಸುಮಾರು ಇಂಥದ್ದೇ ದಾರಿ ಹಿಡೀತಾರೆ. ಯಾರೂ ನ್ಯಾಯವಾಗಿ ತಳ್ಳಿಹಾಕಲಾಗದ ತತ್ವದ ಮೇಲೆ ನಿಂತ ಕೆಲಸ ಸರಿಯಾದದ್ದು ಅಂತ ಅವರ ವಾದ. ನನಗೆ ಅಷ್ಟು ದೊಡ್ಡ ಮಾತು ಬೇಡ, ಊಟದ ಮೇಜು ಸಾಕು.

ಈ ಅಳತೆಗೋಲು ಹಿಡಿದು ನೋಡಿದರೆ ಒಂದು ಹಳೇ ಗೊಂದಲ ಬಿಡಿಸಿಕೊಳ್ಳುತ್ತೆ. ಕೋಟಾ ವಿರೋಧಿಗಳು ಕೇಳ್ತಾರೆ: 1928ರಲ್ಲಿ ಬಣ್ಣ ನೋಡಿ ನೇಪಿಯಾನನ್ನು ಬಿಟ್ಟದ್ದು ತಪ್ಪಾದರೆ, ಈಗ ಬಣ್ಣ ನೋಡಿ ಬಿಳಿ ಹುಡುಗನನ್ನು ಬಿಡೋದು ಹೇಗೆ ಸರಿ? ಎರಡೂ ಬಣ್ಣವೇ ತಾನೆ? ನೇಪಿಯಾ ಎದುರು ನಿಂತು ನಿಜವಾದ ಕಾರಣ ಹೇಳಿ ನೋಡೋಣ. "ಅವರ ಮೈದಾನದಲ್ಲಿ ನಿನ್ನಂಥವನು ಸಮಾನನಾಗಿ ನಿಲ್ಲೋದು ಅವರಿಗೆ ಬೇಡವಂತೆ, ನಾವೂ ಹೂಂ ಅಂದೆವು." ಈ ವಾಕ್ಯ ಹೇಳಬೇಕಾದರೆ ಅವನು ಕಡಿಮೆ ಮನುಷ್ಯ ಅನ್ನೋದನ್ನು ಹೇಳುವವನೂ ಒಪ್ಪಿಕೊಂಡಿರಬೇಕು. ಈಗ ಆ ಹದಿನೇಳು ವರ್ಷದ ಹುಡುಗನಿಗೆ ಹೇಳಬಹುದಾದದ್ದು ಬೇರೆ. "ನಿನ್ನ ಆಟ ಚೆನ್ನಾಗಿದೆ. ಈ ದೇಶದಲ್ಲಿ ತಲೆಮಾರುಗಟ್ಟಲೆ ಒಂದು ಕಡೆಯ ಮಕ್ಕಳಿಗೆ ಮೈದಾನವನ್ನೇ ಕೊಡಲಿಲ್ಲ, ಅವರನ್ನು ನೋಡೋ ಕಣ್ಣು ನಮಗೆ ಇನ್ನೂ ಬಂದಿಲ್ಲ. ಅದು ಬರೋ ತನಕ ಕೆಲವು ಜಾಗ ಹೀಗೆ ಇಡ್ತೀವಿ ಅಂತ ಮೊದಲೇ ಹೇಳಿದ್ದೆವು. ಅದರ ಭಾರ ಈ ಸಲ ನಿನ್ನ ಮೇಲೆ ಬಿತ್ತು. ತಪ್ಪು ನಿನ್ನದಲ್ಲ." ಕಹಿ ಮಾತೇ. ಆದರೆ ಇದರಲ್ಲಿ ಅವನನ್ನು ಕೀಳು ಮಾಡುವಂಥದ್ದು ಇಲ್ಲ. ಒಂದು ಪಟ್ಟಿ ಹೊರಗುಳಿದವನನ್ನು ಕೀಳು ಅನ್ನುತ್ತೆ, ಇನ್ನೊಂದು ಅವನ ಹತ್ತಿರ ಹಳೇ ಸಾಲದ ಒಂದು ಪಾಲು ಕೇಳುತ್ತೆ. ಎರಡೂ ಒಂದೇ ಅಂತ ನಾನು ಒಪ್ಪಲಾರೆ.

ಆದರೆ ಅಳತೆಗೋಲು ಕೋಟಾ ಪರ ಇರುವವರನ್ನೂ ಬಿಡೋದಿಲ್ಲ. ಬೆನ್ನು ತಟ್ಟಿ 'ಸಂಖ್ಯೆ ಹೊಂದಿಸಬೇಕಿತ್ತು' ಅಂದ ಕೋಚ್ ಇದರಲ್ಲಿ ಫೇಲು. ಆ ಮಾತಿನಿಂದ ಹೊರಗೆ ಹೋದವನಿಗೂ ಏಟು, ಒಳಗೆ ಬಂದವನಿಗೆ ಇನ್ನೂ ದೊಡ್ಡ ಏಟು. ಒಳಬಂದ ಹುಡುಗ ಇನ್ನು ಎಷ್ಟೇ ಆಡಲಿ, ಅವನ ಬೆನ್ನ ಹಿಂದೆ 'ಕೋಟಾ' ಅನ್ನೋ ಪಿಸುಮಾತು ಓಡ್ತಾ ಇರುತ್ತೆ. 2019ರ ಶುರುವಿನಲ್ಲಿ ಕೋಲಿಸಿಯೇ ಒಂದು ಸಂದರ್ಶನದಲ್ಲಿ, ಚರ್ಮದ ಬಣ್ಣಕ್ಕಾಗಿ ತನ್ನನ್ನು ಆರಿಸೋದು ತನಗೆ ಬೇಡ ಅನ್ನೋ ಅರ್ಥದ ಮಾತಾಡಿ ಸ್ವಂತ ಜನರಿಂದ ಬೈಸಿಕೊಂಡ. ಅವನ ಸಂಕಟ ನನಗೆ ಅರ್ಥ ಆಗುತ್ತೆ. ಹೊರಗುಳಿದವನಿಗೆ ಹೇಳಿದ ಕಾರಣವನ್ನೇ ಆಯ್ಕೆಯಾದವನಿಗೂ ಹೇಳೋಕಾಗಬೇಕು. ಒಬ್ಬನಿಗೊಂದು, ಇನ್ನೊಬ್ಬನಿಗೊಂದು ಅಂತಾದರೆ ಅಲ್ಲಿ ಸುಳ್ಳು ಸೇರಿದೆ ಅಂತಲೇ ಲೆಕ್ಕ.

ಇನ್ನೊಂದು ಮಾತು. ಕೊನೆಯ ಬಾಗಿಲಿನ ಕೋಟಾ ಮಂಡಳಿಗಳಿಗೆ ಬಹಳ ಅಗ್ಗ. ಪಟ್ಟಿಯಲ್ಲಿ ಹೆಸರು ಬದಲಾಯಿಸೋಕೆ ದುಡ್ಡು ಖರ್ಚಾಗಲ್ಲ. ಟೌನ್‌ಶಿಪ್ಪಿನಲ್ಲಿ ಹುಲ್ಲು ಬೆಳೆಸೋಕೆ, ಕೋಚ್‌ಗೆ ಸಂಬಳ ಕೊಡೋಕೆ, ಸಂಜೆ ಏಳಕ್ಕೆ ಇನ್ನೊಂದು ಬಸ್ಸು ಬಿಡೋಕೆ ಖರ್ಚಾಗುತ್ತೆ. ಸಂಸ್ಥೆ ತೀರಿಸಬೇಕಾದ ಸಾಲವನ್ನು ಒಬ್ಬ ಹದಿನೇಳು ವರ್ಷದವನ ಕೈಲಿ ಕಟ್ಟಿಸಿ ಲೆಕ್ಕ ಚುಕ್ತಾ ಅನ್ನೋದು ಸರಿಯಲ್ಲ. "ನನ್ನ ಮಗ ಮಾಡಿದ್ದಲ್ಲ" ಅನ್ನೋ ಅಪ್ಪನ ಮಾತಿಗೆ ನಿಜವಾದ ಉತ್ತರ ಅಲ್ಲಿದೆ. ಕೆಳಗಿನ ಬಾಗಿಲುಗಳನ್ನು ತೆಗೆಯೋಕೆ ಯಾರು ಎಷ್ಟು ಕೊಟ್ಟರು ಅಂತ ತೋರಿಸಿದ ಮೇಲೆಯೇ ಮೇಲಿನ ಬಾಗಿಲಲ್ಲಿ ಅವನ ಪಾಲು ಕೇಳೋ ಬಾಯಿ ಮಂಡಳಿಗೆ ಬರೋದು.

2018ರಲ್ಲಿ ಕೋಚ್ ಆಗಿ ಬಂದ ರಾಸಿ ಎರಾಸ್ಮಸ್ ಕೋಲಿಸಿಯನ್ನು ನಾಯಕನಾಗಿ ಮಾಡಿದರು. ಸ್ಪ್ರಿಂಗ್‌ಬಾಕ್ ಟೆಸ್ಟ್ ತಂಡಕ್ಕೆ ಮೊದಲ ಕಪ್ಪು ನಾಯಕ. ಜೂನ್ 9ರಂದು ಜೋಹಾನ್ಸ್‌ಬರ್ಗಿನಲ್ಲಿ ಇಂಗ್ಲೆಂಡ್ ವಿರುದ್ಧ 3-24ರಷ್ಟು ಹಿಂದೆ ಬಿದ್ದು ಆಮೇಲೆ 42-39ಕ್ಕೆ ಗೆದ್ದರು. ಮರುವರ್ಷ ಜಪಾನಿನಲ್ಲಿ ವಿಶ್ವಕಪ್. ವೇಲ್ಸ್ ವಿರುದ್ಧದ ಸೆಮಿಫೈನಲ್ಲಿಗೆ ಕೋಲ್ಬಿಯ ಕಾಲಿಗೆ ಗಾಯ, ಅವನ ಜಾಗದಲ್ಲಿ ಸಿಬುಸಿಸೊ ನ್ಕೋಸಿ ಆಡಿದ. ತಂಡ 19-16ಕ್ಕೆ ಗೆದ್ದಿತು. ಫೈನಲ್ಲಿಗೆ ಕೋಲ್ಬಿ ವಾಪಸ್. ಎರಾಸ್ಮಸ್ ಬೆಂಚಿನ ಎಂಟರಲ್ಲಿ ಆರು ಜಾಗ ದೈತ್ಯ ಫಾರ್ವರ್ಡ್‌ಗಳಿಗೆ ಇಟ್ಟಿದ್ದರು, ಹಾಗಾಗಿ ನ್ಕೋಸಿಗೆ ಅಲ್ಲೂ ಜಾಗ ಇಲ್ಲ. ಗೆದ್ದ ಸೆಮಿಫೈನಲ್ ಆಡಿದ ಹುಡುಗ ಫೈನಲ್ಲಿಗೆ ಪ್ರೇಕ್ಷಕ. ಎಂಥ ಸಂಕಟ! ಆದರೆ ಕಾರಣ ಎಷ್ಟು ಸರಳ ಅಂದರೆ ಯಾರ ಮುಖ ನೋಡಿಯೂ ಹೇಳಬಹುದು: ಕೋಲ್ಬಿಯ ಕಾಲು ವಾಸಿಯಾಗಿದೆ, ಬೆಂಚಿನಲ್ಲಿ ಈ ಸಲ ತೂಕ ಬೇಕು. ಇಬ್ಬರೂ ಬಿಳಿಯರಲ್ಲದ್ದರಿಂದ ಬಣ್ಣದ ಮಾತೇ ಏಳಲಿಲ್ಲ. ಬಣ್ಣದ ಮಾತು ಏಳದೆ ಹೊರಗುಳಿಯೋದು ಕೂಡ ಒಂದು ಸಮಾನತೆ, ಆ ದೇಶಕ್ಕೆ ಅದು ಅಷ್ಟು ಸುಲಭಕ್ಕೆ ಬಂದದ್ದಲ್ಲ.

ಆ ಫೈನಲ್ ನವೆಂಬರ್ 2ರಂದು ಯೊಕೊಹಾಮಾದಲ್ಲಿ 32-12ಕ್ಕೆ ಮುಗಿಯಿತು. ಆಡಿದ ಹದಿನೈದರಲ್ಲಿ ಆರು ಜನ ಬಿಳಿಯರಲ್ಲದವರು. ಅರ್ಧದ ಗುರಿ ಮುಟ್ಟಿರಲಿಲ್ಲ. ಮಪಿಂಪಿ ಒಂದು ಟ್ರೈ ಹೊಡೆದ, ವಿಶ್ವಕಪ್ ಫೈನಲ್ಲ್ಲಿ ದಕ್ಷಿಣ ಆಫ್ರಿಕಾದವನೊಬ್ಬ ಹೊಡೆದ ಮೊದಲ ಟ್ರೈ ಅದು. ಕೊನೆಯದು ಕೋಲ್ಬಿಯದು. ಇದರಿಂದ ಕೋಟಾ ಸರಿ ಅಂತ ಸಾಬೀತಾಯಿತು ಅಂತ ಕೆಲವರು ಕುಣಿದರು. ಕೋಟಾ ಬೇಕಿಲ್ಲ ಅಂತ ಸಾಬೀತಾಯಿತು ಅಂತ ಇನ್ನು ಕೆಲವರು. ಸಿಡ್ನಿಯ 41-16 ಹೇಗೆ ಏನನ್ನೂ ಸಾಬೀತು ಮಾಡಲಿಲ್ಲವೋ ಈ 32-12 ಕೂಡ ಹಾಗೇ. ಅವತ್ತು ಇಂಗ್ಲೆಂಡ್ ಗೆದ್ದಿದ್ದರೂ ಕೋಲಿಸಿಯ ನಾಯಕತ್ವದ ಹಿಂದಿನ ಕಾರಣ ಒಂದಿಷ್ಟೂ ಸಣ್ಣದಾಗ್ತಿರಲಿಲ್ಲ.

ನ್ಯೂಜಿಲೆಂಡಿನ ರಗ್ಬಿ ಸಂಸ್ಥೆ, ದಕ್ಷಿಣ ಆಫ್ರಿಕಾ ಪ್ರವಾಸಗಳಿಂದ ಹೊರಗಿಟ್ಟಿದ್ದ ಮಾವೋರಿ ಆಟಗಾರರ ಕ್ಷಮೆ ಕೇಳಿದ್ದು 2010ರಲ್ಲಿ. ಜಾರ್ಜ್ ನೇಪಿಯಾ ತೀರಿಕೊಂಡದ್ದು 1986ರಲ್ಲಿ. ಇನ್ನೊಂದು ಸಲ ಯಾವುದೋ ಆಟದ, ಯಾವುದೋ ಕೆಲಸದ, ಯಾವುದೋ ಸೀಟಿನ ಪಟ್ಟಿ ಹೊರಬಿದ್ದಾಗ ನಾವೆಲ್ಲ ನಮ್ಮವನ ಹೆಸರು ಹುಡುಕೋದು ಇದ್ದೇ ಇರುತ್ತೆ. ಹುಡುಕೋಣ. ಜೊತೆಗೆ ಅಲ್ಲಿ ಇಲ್ಲದ ಹೆಸರುಗಳ ಹತ್ತಿರ ಯಾರಾದರೂ ಹೋಗಿ, ಅವರು ಬದುಕಿರುವಾಗಲೇ, ನಿಜ ಹೇಳಿದ್ದಾರಾ ಅಂತಲೂ ಕೇಳೋಣ.